ಸ್ವಪ್ನದಲ್ಲಿ ಹಾರಾಟ: ಒಂದು ಅಭ್ಯಾಸ

ಕನಸಿನಲ್ಲಿ ಹಾರಿದೆನೆಂದು ಹೇಳುವ ಬಾಲಕನನ್ನು ಕಂಡು ಹಿರಿಯರು ನಗುವುದು ವಾಡಿಕೆ. "ರಾತ್ರಿ ಊಟ ಹೆಚ್ಚಾಗಿರಬೇಕು" ಎಂಬ ಒಂದು ಮಾತಿನಲ್ಲಿ ಆ ಪ್ರಸಂಗ ಮುಗಿದುಹೋಗುತ್ತದೆ. ಆದರೆ ಹಾಗೆ ಹೇಳುವ ಮಕ್ಕಳಲ್ಲಿ ಎಲ್ಲೋ ಒಬ್ಬನು ಇನ್ನೊಂದು ಮಾತನ್ನೂ ಸೇರಿಸುತ್ತಾನೆ: "ಅದು ಕನಸು ಅಂತ ನನಗೆ ಆಗಲೇ ಗೊತ್ತಿತ್ತು ಸಾರ್, ಅದಕ್ಕೇ ಹಾರಿದೆ." ಈ ಎರಡನೆಯ ಮಾತು ನಕ್ಕು ಬಿಡತಕ್ಕದ್ದಲ್ಲ. ನಿದ್ರಿಸುತ್ತಿರುವಾಗಲೇ ತಾನು ಕನಸು ಕಾಣುತ್ತಿದ್ದೇನೆಂದು ತಿಳಿಯುವುದು ಸಾಧ್ಯವೆ? ಸಾಧ್ಯವಾದರೆ ಆ ತಿಳಿವನ್ನು ಅಭ್ಯಾಸದಿಂದ ಪಡೆಯಬಹುದೆ? ಪಡೆದವನು ಹಾರುವುದು ಹೇಗೆ, ಹಾರಿ ಆಗುವ ಪ್ರಯೋಜನವೇನು? ಈ ಪ್ರಶ್ನೆಗಳನ್ನು ಕುರಿತು ತಿಳಿದಷ್ಟನ್ನು, ವಸತಿ ಶಾಲೆಯ ಉಪಾಧ್ಯಾಯನೊಬ್ಬನ ದೃಷ್ಟಿಯಿಂದ, ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ. ಅನೇಕ ಮಕ್ಕಳು ಒಂದೇ ಸೂರಿನಡಿ ಮಲಗುವ ಕಡೆ ಕನಸೆಂಬುದು ಬರಿಯ ತತ್ತ್ವಜಿಜ್ಞಾಸೆಯ ವಿಷಯವಾಗಿ ಉಳಿಯುವುದಿಲ್ಲ. ಮಧ್ಯರಾತ್ರಿ ಕಿಟಾರನೆ ಕಿರುಚಿ ಏಳುವ ಹುಡುಗನ ಬಳಿಗೆ ದೀಪ ಹಿಡಿದು ಹೋಗುವವರಿಗೆ ಅದು ನಿತ್ಯದ ಪ್ರಶ್ನೆ.

ಕನಸಿನ ವಿಚಾರ ನಮ್ಮ ದೇಶಕ್ಕೆ ಹೊಸದಲ್ಲ. ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂಬ ಮೂರು ಅವಸ್ಥೆಗಳನ್ನೂ ಅವುಗಳಾಚೆಯ ತುರೀಯವನ್ನೂ ಮಾಂಡೂಕ್ಯೋಪನಿಷತ್ತು ಕೇವಲ ೧೨ ಮಂತ್ರಗಳಲ್ಲಿ ನಿರೂಪಿಸಿದೆ. ಬೃಹದಾರಣ್ಯಕದ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಜನಕ-ಯಾಜ್ಞವಲ್ಕ್ಯರ ಸಂವಾದವಂತೂ ಕನಸನ್ನು ಹತ್ತಿರದಿಂದ ಪರೀಕ್ಷಿಸಿದವರ ಮಾತಿನಂತಿದೆ. ಕನಸು ಈ ಲೋಕಕ್ಕೂ ಆ ಲೋಕಕ್ಕೂ ನಡುವಣ ಸಂಧಿಸ್ಥಾನವೆಂದೂ, ಅಲ್ಲಿ ರಥವಾಗಲಿ ಕುದುರೆಯಾಗಲಿ ದಾರಿಯಾಗಲಿ ಇಲ್ಲದಿದ್ದರೂ ಕಾಣುವವನೇ ಅವನ್ನೆಲ್ಲ ನಿರ್ಮಿಸಿಕೊಳ್ಳುತ್ತಾನೆಂದೂ, ಆಗ ಅವನು ತಾನೇ ತನಗೆ ಬೆಳಕೆಂದೂ ಋಷಿಯ ಅಭಿಪ್ರಾಯ. ದೇಹವೆಂಬ ಗೂಡನ್ನು ಪ್ರಾಣದ ಕಾವಲಿಗೆ ಬಿಟ್ಟು ಹೊರಗೆ ಸಂಚರಿಸುವ ಹಂಸದ ಉಪಮೆಯೂ, ಆಕಾಶದಲ್ಲಿ ಹಾರಿ ದಣಿದು ಗೂಡಿಗೆ ಮರಳುವ ಗಿಡುಗದ ಉಪಮೆಯೂ ಅಲ್ಲಿಯೇ ಬರುತ್ತವೆ. ಉಪಾಧ್ಯಾಯರಿಗೆ ಉಪಯುಕ್ತವಾದ ಇನ್ನೆರಡು ಸಂಗತಿಗಳೂ ಅಲ್ಲಿವೆ. ಯಾರೋ ಕೊಲ್ಲಲು ಬಂದಂತೆ, ಆನೆ ಅಟ್ಟಿಸಿಕೊಂಡು ಬಂದಂತೆ, ಹಳ್ಳಕ್ಕೆ ಬಿದ್ದಂತೆ ಕನಸಿನಲ್ಲಿ ತೋರುವುದೆಲ್ಲ ಎಚ್ಚರದಲ್ಲಿ ಕಂಡ ಭಯವನ್ನೇ ಅವಿದ್ಯೆಯಿಂದ ಮತ್ತೆ ಕಲ್ಪಿಸಿಕೊಳ್ಳುವುದು ಎಂಬುದು ಒಂದು. ಮಲಗಿದವನನ್ನು ಥಟ್ಟನೆ ಎಬ್ಬಿಸಬಾರದೆಂಬ ಲೋಕದ ಮಾತನ್ನು ಉಪನಿಷತ್ತು ಸ್ಮರಿಸುವುದು ಇನ್ನೊಂದು.

ಶರಣರ ವಾಙ್ಮಯಕ್ಕೆ ಬಂದರೆ, ಅಕ್ಕಮಹಾದೇವಿಯ ಸ್ವಪ್ನವಚನ ಯಾರಿಗಾದರೂ ಮೊದಲು ನೆನಪಾಗುತ್ತದೆ. ಮನೆಗೆ ಭಿಕ್ಷೆಗೆ ಬಂದ ಜಡೆಯ ಗೊರವನನ್ನು ಆಕೆ ಹಿಂಬಾಲಿಸುತ್ತಾಳೆ. ಅವನನ್ನು ತನ್ನ ಚೆನ್ನಮಲ್ಲಿಕಾರ್ಜುನನೆಂದು ಕಂಡ ಗಳಿಗೆಯೇ ಆಕೆಗೆ ಎಚ್ಚರವಾಗುವ ಗಳಿಗೆಯೂ ಹೌದು. ಗುರುತು ಹತ್ತುವುದೂ ಕನಸು ಮುಗಿಯುವುದೂ ಒಟ್ಟಿಗೇ ಆಗುವ ಈ ಅನುಭವವನ್ನು ಮುಂದೆ ಮತ್ತೆ ಪ್ರಸ್ತಾಪಿಸಬೇಕಾಗುತ್ತದೆ. ನಮ್ಮ ವಿಷಯಕ್ಕೆ ಇದಕ್ಕಿಂತಲೂ ಹತ್ತಿರವಾದುದು ವಚನಕಾರರು ಉದ್ದಕ್ಕೂ ಬಳಸುವ ಅರಿವು, ಮರವೆ ಎಂಬ ಜೋಡಿ ಪದ. ಸಾಮಾನ್ಯ ಕನಸು ಮರವೆಯ ಸ್ಥಿತಿ. ಎಂದೋ ತೀರಿಕೊಂಡ ಅಜ್ಜ ಜಗಲಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದರೂ ಅಲ್ಲಿ ನಮಗೆ ಆಶ್ಚರ್ಯವಾಗುವುದಿಲ್ಲ. ಆ ಜಗಲಿಯ ಮುಂದೆ ನಿಂತಿರುವಾಗಲೇ "ಅಜ್ಜ ಹೋಗಿ ಮೂರು ವರ್ಷವಾಯಿತಲ್ಲ, ಇದು ಕನಸು" ಎಂದು ಹೊಳೆದು, ಹೊಳೆದ ಮೇಲೂ ಕನಸು ಮುರಿಯದೆ ಮುಂದುವರಿದರೆ ಅದು ಬೇರೆಯೇ ಒಂದು ಸ್ಥಿತಿ. ಇಂಗ್ಲಿಷಿನಲ್ಲಿ ಇದಕ್ಕೆ ಲೂಸಿಡ್ ಡ್ರೀಮ್ ಎನ್ನುತ್ತಾರೆ. ಈ ಲೇಖನದಲ್ಲಿ ಇದನ್ನು 'ಅರಿವಿನ ಕನಸು' ಎಂದು ಕರೆದಿದೆ. ಹಾಗೆಂದು ಶರಣರು ಹೇಳಿದ ಅರಿವೂ ಇದೂ ಒಂದೇ ಎಂದು ಭಾವಿಸಬಾರದು. ಅದರ ಎತ್ತರ ಬೇರೆ. ಪೂರ್ವಿಕರು ಇದನ್ನೆಲ್ಲ ಎಂದೋ ಕಂಡುಹಿಡಿದಿದ್ದರೆಂದು ಹೇಳಿ ಪುಸ್ತಕ ಮುಚ್ಚುವ ಅಭ್ಯಾಸವೂ ನಮಗೆ ಒಳ್ಳೆಯದಲ್ಲ. ಯಾಜ್ಞವಲ್ಕ್ಯನ ಗುರಿ ಆತ್ಮನ ಸ್ವರೂಪವೇ ಹೊರತು ಹುಡುಗರಿಗೆ ಹಾರಲು ಕಲಿಸುವುದಾಗಿರಲಿಲ್ಲ.

ಅರಿವಿನ ಕನಸನ್ನು ದಿನಚರಿಯಲ್ಲಿ ಬರೆದಿಟ್ಟು ಲೆಕ್ಕ ಹಾಕಿದವರು ಯೂರೋಪಿನಲ್ಲಿ ದೊರೆಯುತ್ತಾರೆ. ಫ್ರಾನ್ಸಿನ ಚೀನೀಭಾಷಾ ವಿದ್ವಾಂಸ ಹರ್ವೆ ದ ಸೇಂ-ಡೆನಿ ತನ್ನ ೧೩ನೆಯ ವಯಸ್ಸಿನಿಂದಲೇ ಕನಸುಗಳನ್ನು ಬರೆಯತೊಡಗಿ, ಅವುಗಳನ್ನು ನಡೆಸುವ ಬಗೆಯನ್ನು ಕುರಿತ ಗ್ರಂಥವನ್ನು ೧೮೬೭ರಲ್ಲಿ ಪ್ರಕಟಿಸಿದನು. 'ಲೂಸಿಡ್' ಎಂಬ ಪದವನ್ನು ಈ ಅರ್ಥದಲ್ಲಿ ರೂಢಿಗೆ ತಂದವನು ಹಾಲೆಂಡಿನ ವೈದ್ಯನೂ ಸಾಹಿತಿಯೂ ಆದ ಫ್ರೆಡರಿಕ್ ವಾನ್ ಈಡನ್. ೧೯೧೩ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವನು, ೧೮೯೮ರ ಜನವರಿಯಿಂದ ೧೯೧೨ರ ಡಿಸೆಂಬರ್‌ವರೆಗೆ ತನಗೆ ೩೫೨ ಅರಿವಿನ ಕನಸುಗಳು ಬಿದ್ದುವೆಂದು ಲೆಕ್ಕ ಕೊಟ್ಟಿದ್ದಾನೆ. ಹದಿನೈದು ವರ್ಷಗಳಿಗೆ ೩೫೨ ಎಂದರೆ ತಿಂಗಳಿಗೆ ಸುಮಾರು ಎರಡು. ಅಷ್ಟು ಪಳಗಿದವನಿಗೂ ದೊರೆತುದು ಇಷ್ಟೇ ಎಂಬುದನ್ನು ಒಂದು ವಾರದಲ್ಲಿ ಹಾರಲು ಕಲಿಸುತ್ತೇವೆಂದು ಹೇಳುವವರ ಮಾತಿಗೆ ಮರುಳಾಗುವವರು ಗಮನಿಸಬೇಕು. ಅವನು ಕಂಡುಕೊಂಡ ಮತ್ತೊಂದು ಸಂಗತಿ ಸ್ವಾರಸ್ಯಕರವಾದುದು: ಹಾರುವ, ತೇಲುವ ಕನಸುಗಳು ಬೀಳತೊಡಗಿದರೆ ಅರಿವಿನ ಕನಸು ಸಮೀಪಿಸಿತೆಂದೇ ಅವನು ತಿಳಿಯುತ್ತಿದ್ದನು.

ಇಷ್ಟಾದರೂ ವಿಜ್ಞಾನಿಗಳು ಇದನ್ನು ಬಹುಕಾಲ ನಂಬಲಿಲ್ಲ. ನಂಬದಿದ್ದುದೂ ಸರಿಯೇ, ಎದ್ದ ಮೇಲೆ ಹೇಳುವ ಮಾತನ್ನಲ್ಲದೆ ಬೇರೆ ಸಾಕ್ಷ್ಯವೇ ಇರಲಿಲ್ಲ. ೧೯೫೩ರಲ್ಲಿ ಚಿಕಾಗೋ ವಿಶ್ವವಿದ್ಯಾನಿಲಯದ ಆಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು ನಿದ್ರೆಯಲ್ಲಿ ಕಣ್ಣುಗುಡ್ಡೆಗಳು ರೆಪ್ಪೆಯ ಕೆಳಗೆ ತ್ವರೆಯಾಗಿ ಚಲಿಸುವ ಅವಧಿಗಳಿವೆಯೆಂದೂ, ಆಗ ಎಬ್ಬಿಸಿದವರು ಬಹುಮಟ್ಟಿಗೆ ಕನಸನ್ನು ವರದಿ ಮಾಡುತ್ತಾರೆಂದೂ ತೋರಿಸಿದರು. ಸುಮಾರು ೯೦ ನಿಮಿಷಗಳಿಗೊಮ್ಮೆ ಬರುವ ಈ ಅವಧಿ ರಾತ್ರಿ ಕಳೆದಂತೆ ದೀರ್ಘವಾಗುತ್ತ ಹೋಗುತ್ತದೆ. ನಮ್ಮ ಜನ ಬೆಳಗಿನ ಜಾವದ ಕನಸಿಗೆ ವಿಶೇಷ ಬೆಲೆ ಕೊಡುವುದಕ್ಕೆ ಇದೇ ಕಾರಣವಿರಬಹುದು. ಆಗ ಕನಸೂ ದೀರ್ಘ, ನೆನಪೂ ಹಸಿ. ೧೯೫೯ರಲ್ಲಿ ಫ್ರಾನ್ಸಿನ ಮಿಷೆಲ್ ಜೂವೆ, ಈ ನಿದ್ರೆಯಲ್ಲಿ ಮಿದುಳಿನ ಕಾಂಡವು ಮೈಯ ಸ್ನಾಯುಗಳನ್ನೆಲ್ಲ ಸಡಿಲಗೊಳಿಸಿ ಕಟ್ಟಿಹಾಕುತ್ತದೆಂಬುದನ್ನು ಬೆಕ್ಕುಗಳಲ್ಲಿ ಕಂಡನು. ಕನಸಿನಲ್ಲಿ ಓಡುವವನು ಹಾಸಿಗೆಯಲ್ಲಿ ಓಡದಿರುವುದು ಈ ಕಟ್ಟಿನಿಂದ. ಕೆಲವೊಮ್ಮೆ ಎಚ್ಚರ ಮೊದಲು ಬಂದು ಕಟ್ಟು ಆಮೇಲೆ ಬಿಚ್ಚುತ್ತದೆ. ಆಗ ಎದೆಯ ಮೇಲೆ ಯಾರೋ ಕುಳಿತು ಅದುಮಿದಂತಾಗಿ ಕೂಗಲೂ ಆಗುವುದಿಲ್ಲ. ನಿಲಯದ ಮಕ್ಕಳು ಇದನ್ನು ದೆವ್ವದ ಕಾಟವೆಂದು ಹೆದರುವುದುಂಟು. ಅರೆ ನಿಮಿಷವೋ ಒಂದೆರಡು ನಿಮಿಷವೋ ಇದ್ದು ತಾನಾಗಿ ಬಿಡುವ, ಅಪಾಯವಿಲ್ಲದ ಸ್ಥಿತಿಯಿದು ಎಂದು ಅವರಿಗೆ ಹಗಲಿನಲ್ಲಿಯೇ ತಿಳಿಸಿ ಹೇಳಿದರೆ ಅರ್ಧ ಭಯ ಹೋಗುತ್ತದೆ.

ಮೈಯೆಲ್ಲ ಕಟ್ಟಿದ್ದರೂ ಕಣ್ಣು ಕಟ್ಟಿಲ್ಲವೆಂಬುದೇ ಸಾಕ್ಷ್ಯದ ದಾರಿಯಾಯಿತು. ೧೯೭೫ರ ಏಪ್ರಿಲ್ ತಿಂಗಳಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾನಿಲಯದಲ್ಲಿ ಕೀತ್ ಹರ್ನ್ ಎಂಬವರು, ಅರಿವಿನ ಕನಸು ಬೀಳುತ್ತಿದ್ದ ಅಲನ್ ವರ್ಸ್ಲಿ ಎಂಬವರೊಡನೆ ಮೊದಲೇ ಒಪ್ಪಂದ ಮಾಡಿಕೊಂಡು, ಕನಸಿನೊಳಗಿನಿಂದ ಕಣ್ಣನ್ನು ಎಡಕ್ಕೂ ಬಲಕ್ಕೂ ಆಡಿಸಿ ಕಳಿಸಿದ ಸಂಕೇತವನ್ನು ಯಂತ್ರದ ಕಾಗದದ ಮೇಲೆ ಪಡೆದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸ್ಟೀಫನ್ ಲಬರ್ಜ್ ಸ್ವತಂತ್ರವಾಗಿ ಇದನ್ನೇ ಸಾಧಿಸಿ ೧೯೮೧ರಲ್ಲಿ ಪ್ರಕಟಿಸಿದರು. ೨೦೨೧ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್‌ಲೆಂಡ್ಸ್‌ಗಳ ನಾಲ್ಕು ತಂಡಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದುವು. ಕನಸು ಕಾಣುತ್ತಿರುವವನಿಗೆ ಹೊರಗಿನಿಂದ "೮ರಲ್ಲಿ ೬ ಕಳೆದರೆ ಎಷ್ಟು?" ಎಂಬಂತಹ ಲೆಕ್ಕ ಕೇಳಿದಾಗ ಅವನು ನಿದ್ರೆಯಲ್ಲಿದ್ದುಕೊಂಡೇ ಕಣ್ಣನ್ನು ಎರಡು ಸಲ ಆಡಿಸಿ ಉತ್ತರ ಕೊಟ್ಟನು. ಸರಿಯುತ್ತರ ಬಂದುದು ೧೫೮ ಪ್ರಯತ್ನಗಳಲ್ಲಿ ನೂರಕ್ಕೆ ೧೮ರಷ್ಟು ಮಾತ್ರ. ಎಚ್ಚರವಿರುವ ತರಗತಿಗಳಲ್ಲಿ ಪಾಠ ಹೇಳಿದವರು ಇದನ್ನು ಕಡಮೆಯೆಂದು ಹೀಗಳೆಯಲಾರರು.

ಅರಿವು ಬಂದ ಕೂಡಲೇ ಜನರು ಹಾರಲು ಬಯಸುವುದೇಕೆ? ಒಂದು ವಿವರಣೆ ಹೀಗಿದೆ. ಎಚ್ಚರದಲ್ಲಿ ಕಾಲಿನ ಸ್ನಾಯು, ಕೀಲು, ಅಂಗಾಲುಗಳಿಂದ ಮಿದುಳಿಗೆ ಭಾರದ ಸುದ್ದಿ ಎಡೆಬಿಡದೆ ಹೋಗುತ್ತಿರುತ್ತದೆ. ಕನಸಿನ ನಿದ್ರೆಯಲ್ಲಿ ಆ ಸುದ್ದಿ ಬಹುಮಟ್ಟಿಗೆ ನಿಂತಿರುತ್ತದೆ. ಆದರೆ ಒಳಕಿವಿಯ ಸಮತೋಲವನ್ನು ನೋಡಿಕೊಳ್ಳುವ ಮಿದುಳಿನ ಕೇಂದ್ರಗಳು ಚಟುವಟಿಕೆಯಿಂದಿರುತ್ತವೆ. ಚಲನೆ ಉಂಟು, ಭಾರವಿಲ್ಲ. ಅಂತಹ ಶರೀರಕ್ಕೆ ಮಿದುಳು ಕಟ್ಟಿಕೊಡಬಹುದಾದ ಕಥೆಗಳು ಎರಡೇ: ಒಂದು ಬೀಳುವುದು, ಇನ್ನೊಂದು ಹಾರುವುದು. ಎರಡಕ್ಕೂ ಬಂಡವಾಳ ಒಂದೇ. ಭಯವಿದ್ದರೆ ಅದು ಬೀಳುವುದಾಗುತ್ತದೆ, ಭಯವಿಲ್ಲದಿದ್ದರೆ ಹಾರುವುದಾಗುತ್ತದೆ. ಯೋಗಸೂತ್ರದ ವಿಭೂತಿಪಾದದಲ್ಲಿ ಹತ್ತಿಯ ಹಗುರವನ್ನು ಧ್ಯಾನಿಸಿ ಆಕಾಶಗಮನವನ್ನು ಪಡೆಯುವ ಮಾತು ಬರುತ್ತದೆ. ಅದೂ ಇದೇ ಏನು ಎಂದು ಮೇಲಿನ ತರಗತಿಯ ಹುಡುಗರು ಕೇಳುವುದುಂಟು. ಅದು ಸಿದ್ಧಿಗಳ ಪ್ರಕರಣ, ಇದು ನಿದ್ರೆಯ ಪ್ರಕರಣ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಕಾಗಿಲ್ಲ.

ಶ್ರೀನಿವಾಸಪುರದ ಕಡೆಯ ಮಕ್ಕಳಿಗೆ ಈ ವಿಷಯದಲ್ಲಿ ಭಾಷೆಯೇ ಒಂದು ಸಹಾಯ ಮಾಡುತ್ತದೆ. ಇಲ್ಲಿಯ ಅನೇಕ ಮನೆಗಳಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಓದುವುದು ಕನ್ನಡ. ರಾತ್ರಿ ಕಂಡ 'ಕಲ' ಬೆಳಿಗ್ಗೆ ತರಗತಿಗೆ ಬರುವ ಹೊತ್ತಿಗೆ 'ಕನಸು' ಆಗಿರುತ್ತದೆ. ಕನ್ನಡದಲ್ಲಿ 'ಎಗರು' ಎಂದರೆ ಜಿಗಿಯುವುದು. ತೆಲುಗಿನ 'ಎಗುರು' ಜಿಗಿಯುವುದೂ ಹೌದು, ಹಕ್ಕಿಯಂತೆ ಹಾರುವುದೂ ಹೌದು. ಎರಡು ಭಾಷೆಗಳ ನಡುವೆ ಬೆಳೆದ ಹುಡುಗ "ಎಗರಿದೆ" ಎಂದರೆ ನೆಲ ಬಿಟ್ಟು ಎಷ್ಟು ದೂರ ಹೋದನೆಂದು ನಾವೇ ಊಹಿಸಿಕೊಳ್ಳಬೇಕು. ಅರಿವಿನ ಕನಸಿನಲ್ಲಿ ಪಳಗಿದವರು ಹೇಳುವ ಕ್ರಮವೂ ಇದೇ. ರೆಕ್ಕೆಗಾಗಿ ಹುಡುಕಬಾರದು. ನಿಂತ ನೆಲದಿಂದ ಮೆಲ್ಲನೆ ಜಿಗಿಯಬೇಕು. ಜಿಗಿತ ತುಸು ನಿಧಾನವಾಗಿ ಇಳಿಯುತ್ತದೆ. ಮರುಜಿಗಿತ ಇನ್ನಷ್ಟು ನಿಧಾನವಾಗುತ್ತದೆ. ಕಡೆಗೊಮ್ಮೆ ಇಳಿಯುವುದನ್ನೇ ಮರೆಯುತ್ತದೆ. ಕೆಲವರು ಬಾವಿಯಲ್ಲಿ ಈಜಿದಂತೆ ಕೈಬೀಸಿ ಮೇಲೇರುತ್ತಾರೆ. ನಡುವೆ "ಬಿದ್ದೇನು" ಎಂಬ ಸಂದೇಹ ಬಂದರೆ ಬೀಳುತ್ತಾರೆ. ಅಲ್ಲಿ ಗುರುತ್ವಾಕರ್ಷಣೆಯ ಕೆಲಸವನ್ನು ನಿರೀಕ್ಷೆಯೇ ಮಾಡುತ್ತದೆ.

ಹಾಗಾದರೆ ಕಲಿಯತಕ್ಕದ್ದು ಯಾವುದು? ಹಾರುವುದನ್ನಲ್ಲ. ರಾಮಾಯಣದಲ್ಲಿ ಹನುಮಂತನ ಸಮುದ್ರೋಲ್ಲಂಘನದ ಮುಂಚೆ ಬರುವ ಸಂದರ್ಭವನ್ನು ವಾಚಕರು ನೆನೆಯಬೇಕು. ಬಾಲ್ಯದಲ್ಲಿ ಋಷಿಗಳ ಶಾಪದಿಂದ ಅವನು ತನ್ನ ಶಕ್ತಿಯನ್ನು ಮರೆತಿದ್ದಾನೆ. ಕಡಲ ದಂಡೆಯಲ್ಲಿ ಎಲ್ಲರೂ ತಮ್ಮ ತಮ್ಮ ನೆಗೆತದ ಅಳತೆಯನ್ನು ಹೇಳಿಕೊಳ್ಳುತ್ತಿರುವಾಗ ಅವನು ಮೂಲೆಯಲ್ಲಿ ಮೌನವಾಗಿ ಕುಳಿತಿದ್ದಾನೆ. ಜಾಂಬವಂತನು ಅವನಿಗೆ ಹೊಸ ವಿದ್ಯೆಯನ್ನೇನೂ ಕಲಿಸಲಿಲ್ಲ, ನೆನಪು ಮಾಡಿಕೊಟ್ಟನು. ಕನಸಿನಲ್ಲಿ ಹಾರುವ ಶಕ್ತಿ ಪ್ರತಿಯೊಬ್ಬನಿಗೂ ರಾತ್ರಿಯೂ ಇದೆ. ಇಲ್ಲದಿರುವುದು "ಇದು ಕನಸು" ಎಂಬ ನೆನಪು. ಆದ್ದರಿಂದ ಈ ಅಭ್ಯಾಸವೆಲ್ಲ ಜಾಂಬವಂತನನ್ನು ನಿದ್ರೆಯೊಳಕ್ಕೆ ಕರೆದೊಯ್ಯುವ ಅಭ್ಯಾಸ.

ಮೊದಲನೆಯದು ಕನಸನ್ನು ಬರೆಯುವುದು. ಎಚ್ಚರವಾದೊಡನೆ ಮಗ್ಗುಲು ಬದಲಿಸದೆ, ಕಣ್ಣು ತೆರೆಯದೆ, ಈಗ ಕಂಡದ್ದೇನೆಂದು ಹಿಂದಿನಿಂದ ಮುಂದಕ್ಕೆ ನೆನೆಯಬೇಕು. ಆಮೇಲೆ ನಾಲ್ಕು ಸಾಲು ಬರೆಯಬೇಕು. ಹದಿನೈದು ದಿನ ಬರೆದವನಿಗೆ ತನ್ನ ಕನಸುಗಳ ರೂಢಿ ತಿಳಿಯುತ್ತದೆ: ಒಬ್ಬನಿಗೆ ಸದಾ ಪರೀಕ್ಷೆಗೆ ತಡವಾಗುತ್ತದೆ, ಇನ್ನೊಬ್ಬನಿಗೆ ಬಸ್ಸು ತಪ್ಪುತ್ತದೆ, ಮತ್ತೊಬ್ಬನಿಗೆ ಊರಿನ ಮನೆಯಲ್ಲಿ ಇಲ್ಲದ ಕೋಣೆಯೊಂದು ಕಾಣುತ್ತದೆ. ಎರಡನೆಯದು ಹಗಲಿನ ಪ್ರಶ್ನೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪಾಲ್ ಥೋಲಿ ಹೇಳಿಕೊಟ್ಟ ಕ್ರಮವಿದು: ದಿನಕ್ಕೆ ಹಲವು ಸಲ, ವಿಶೇಷವಾಗಿ ಏನಾದರೂ ವಿಚಿತ್ರ ಕಂಡಾಗ, "ನಾನೀಗ ಎಚ್ಚರವಿದ್ದೇನೆಯೆ, ಕನಸಿನಲ್ಲಿದ್ದೇನೆಯೆ?" ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳುವುದು. ಬಾಯಿಪಾಠದಂತೆ ಕೇಳಿದರೆ ಪ್ರಯೋಜನವಿಲ್ಲ. ಹಿಂದಿನ ಗಳಿಗೆ ಎಲ್ಲಿದ್ದೆ, ಇಲ್ಲಿಗೆ ಹೇಗೆ ಬಂದೆ ಎಂದು ವಿಚಾರಿಸಬೇಕು. ಶಾಲೆಯಲ್ಲಿ ಪರೀಕ್ಷೆಗೆ ಒಳ್ಳೆಯ ಸಾಧನ ಕರಿಹಲಗೆ. ಅಲ್ಲಿ ಬರೆದುದನ್ನು ಒಮ್ಮೆ ಓದಿ, ಮುಖ ತಿರುಗಿಸಿ, ಮತ್ತೆ ಓದಿದರೆ ಎಚ್ಚರದಲ್ಲಿ ಅಕ್ಷರ ಹಾಗೆಯೇ ಇರುತ್ತದೆ, ಕನಸಿನಲ್ಲಿ ಬಹುತೇಕ ಬದಲಾಗಿರುತ್ತದೆ. ಅಂಗೈಯನ್ನು ನೋಡಿಕೊಳ್ಳುವುದು ಇನ್ನೊಂದು ಕ್ರಮ; ಕನಸಿನಲ್ಲಿ ಬೆರಳಿನ ಲೆಕ್ಕ ಸರಿಹೊಂದುವುದು ಅಪರೂಪ.

ಅಂಗೈಯ ಮಾತು ಬಂದಾಗ ಇಷ್ಟಲಿಂಗಪೂಜೆಯ ನೆನಪು ಬರುವುದು ಸಹಜ. ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದೃಷ್ಟಿಯನ್ನು ಅಲ್ಲಿಯೇ ನಿಲ್ಲಿಸುವ ಅಭ್ಯಾಸವುಳ್ಳ ಬಾಲಕನಿಗೆ ತನ್ನ ಅಂಗೈ ಕನಸಿನಲ್ಲಿಯೂ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ಆದರೆ ಪೂಜೆಯನ್ನು ಕನಸಿನ ಉಪಕರಣವನ್ನಾಗಿ ಮಾಡಿಕೊಳ್ಳಲು ಯಾರೂ ಹೇಳಕೂಡದು. ಪೂಜೆಗೆ ಕೂತವನು ಪೂಜೆಗಾಗಿಯೇ ಕೂರಬೇಕು. ಗಮನವನ್ನು ಒಂದೆಡೆ ನಿಲ್ಲಿಸುವ ರೂಢಿ ರಾತ್ರಿಯಲ್ಲಿಯೂ ತನ್ನ ಕೆಲಸವನ್ನು ತಾನೇ ಮಾಡಿದರೆ ಅದು ಬೇರೆ ಮಾತು. ೨೦೧೯ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಹುವರ್ಷ ಧ್ಯಾನ ಮಾಡಿದವರಿಗೆ ಅರಿವಿನ ಕನಸುಗಳು ಇತರರಿಗಿಂತ ಹೆಚ್ಚಾಗಿ ಬೀಳುವುದು ಕಂಡುಬಂದಿತು. ೮ ವಾರಗಳ ಧ್ಯಾನಶಿಬಿರ ಮುಗಿಸಿದವರಲ್ಲಿ ಅಂತಹ ಹೆಚ್ಚಳವೇನೂ ಕಾಣಲಿಲ್ಲ.

ಮೂರನೆಯದು 'ಸಂಕಲ್ಪ' ಎಂದು ನಮ್ಮವರು ಕರೆಯಬಹುದಾದ ಕ್ರಮ. ಬೆಳಗಿನ ಜಾವ ಎಚ್ಚರವಾದಾಗ, ಆಗತಾನೆ ಕಂಡ ಕನಸನ್ನು ಮನಸ್ಸಿನಲ್ಲಿ ಮತ್ತೆ ನಡೆಸಿ, ಅದರ ವಿಚಿತ್ರವಾದ ಎಡೆಯಲ್ಲಿ "ಇದು ಕನಸು" ಎಂದು ತಾನು ಗುರುತಿಸಿದಂತೆ ಕಲ್ಪಿಸಿಕೊಂಡು, "ಮುಂದಿನ ಕನಸಿನಲ್ಲಿ ನೆನಪಿಟ್ಟುಕೊಳ್ಳುತ್ತೇನೆ" ಎಂದು ನಿಶ್ಚಯಿಸಿ ನಿದ್ರೆ ಹೋಗುವುದು. ಲಬರ್ಜ್ ಇದನ್ನು ರೂಪಿಸಿ ತನ್ನ ಮೇಲೆಯೇ ಪ್ರಯೋಗಿಸಿಕೊಂಡನು. ೨೦೧೭ರಲ್ಲಿ ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ಮೇಲಿನ ಕ್ರಮಗಳನ್ನು ಒಟ್ಟಿಗೆ ಒಂದು ವಾರ ಅನುಸರಿಸಿದ ವಯಸ್ಕರಿಗೆ ನೂರಕ್ಕೆ ೧೭ ರಾತ್ರಿಗಳಲ್ಲಿ ಫಲ ದೊರೆಯಿತು. ಯಾವ ಅಭ್ಯಾಸವೂ ಇಲ್ಲದೆ ಆಯುಷ್ಯದಲ್ಲಿ ಒಮ್ಮೆಯಾದರೂ ಅರಿವಿನ ಕನಸು ಕಂಡವರ ಸಂಖ್ಯೆ, ಅರ್ಧ ಶತಮಾನದ ಅಧ್ಯಯನಗಳನ್ನು ಕೂಡಿಸಿ ೨೦೧೬ರಲ್ಲಿ ಮಾಡಿದ ಲೆಕ್ಕದಂತೆ, ನೂರಕ್ಕೆ ೫೫.

ಅರಿವು ಬಂದವನಿಗೆ ಎದುರಾಗುವ ಮೊದಲ ತೊಡಕು ಸಂತೋಷ. ಗುರುತು ಹತ್ತಿದ ಸಂಭ್ರಮಕ್ಕೇ ಎಚ್ಚರವಾಗಿಬಿಡುತ್ತದೆ. ಅಕ್ಕನ ಸ್ವಪ್ನದ ಕೊನೆಯನ್ನು ಹಿಂದೆ ಹೇಳಿದೆಯಷ್ಟೆ. ಪಳಗಿದವರು ಆಗ ಹಾರಲು ಆತುರಪಡದೆ ಕನಸಿನ ಕೈಗಳನ್ನು ಒಂದಕ್ಕೊಂದು ಉಜ್ಜುತ್ತಾರೆ, ಇಲ್ಲವೆ ನಿಂತಲ್ಲೇ ಬುಗುರಿಯಂತೆ ಸುತ್ತುತ್ತಾರೆ, ಕಾಲ ಕೆಳಗಿನ ಮಣ್ಣನ್ನು ಮುಟ್ಟಿ ನೋಡುತ್ತಾರೆ. ಕನಸಿನ ಶರೀರಕ್ಕೆ ಕೆಲಸ ಕೊಟ್ಟಷ್ಟು ಹೊತ್ತು ಹಾಸಿಗೆಯ ಶರೀರ ಕರೆಯುವುದಿಲ್ಲ.

ಶಾಲಾ ಪ್ರವಾಸಗಳಲ್ಲಿ ಮೈಸೂರು ಜಿಲ್ಲೆಯ ಬೈಲುಕುಪ್ಪೆಯನ್ನು ಕಂಡ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ೧೯೬೦ರ ದಶಕದ ಆರಂಭದಲ್ಲಿ ಅಲ್ಲಿ ನೆಲೆಸಿದ ಟಿಬೆಟನ್ನರು ತಮ್ಮೊಡನೆ ತಂದ ವಿದ್ಯೆಗಳಲ್ಲಿ ಸ್ವಪ್ನಯೋಗವೂ ಒಂದು. ೧೧ನೆಯ ಶತಮಾನದ ಭಾರತೀಯ ಸಿದ್ಧ ನಾರೋಪನ ಹೆಸರಿನಲ್ಲಿ ಬಂದಿರುವ ಆರು ಸಾಧನೆಗಳಲ್ಲಿ ಅದು ಸೇರಿದೆ. ಬಂಗಾರದ ಬುದ್ಧರ ಮುಂದೆ ಫೋಟೋ ತೆಗೆಸಿಕೊಂಡು ಬರುವ ನಮಗೆ ಇದು ತಿಳಿದಿರುವುದಿಲ್ಲ. ಹಗಲೆಲ್ಲ ಕಾಣುವುದನ್ನು ಕನಸೆಂದು ಭಾವಿಸುತ್ತ ಹೋಗುವುದು, ರಾತ್ರಿ ಕನಸನ್ನು ಕನಸೆಂದು ಹಿಡಿಯುವುದು, ಹಿಡಿದ ಮೇಲೆ ಅದನ್ನು ಮಾರ್ಪಡಿಸುವುದು: ಒಂದನ್ನು ಹಲವಾಗಿಸುವುದು, ಬೆಂಕಿಯಲ್ಲಿ ನಡೆಯುವುದು, ಹಾರುವುದು. ಅವರಿಗೆ ಹಾರಾಟ ವಿನೋದವಲ್ಲ. ಕಂಡದ್ದೆಲ್ಲ ಮನೋನಿರ್ಮಿತವೆಂದು ಮನಸ್ಸಿಗೇ ತೋರಿಸಿಕೊಡುವ ಪರೀಕ್ಷೆ. ಗುರುಮುಖದಿಂದಲೇ ಬರತಕ್ಕ ಈ ಸಾಧನೆಯನ್ನು ಪುಸ್ತಕದಿಂದ ಕಲಿಯಬಹುದೆಂದು ಯಾರೂ ಭ್ರಮಿಸಬಾರದು.

ಇನ್ನು ಪ್ರಯೋಜನದ ಮಾತು. ಕೆಲವು ವರ್ಷಗಳ ಹಿಂದೆ ನಿಲಯಕ್ಕೆ ಸೇರಿದ ಏಳನೆಯ ತರಗತಿಯ ಬಾಲಕನೊಬ್ಬನು ವಾರಕ್ಕೆ ಮೂರು ನಾಲ್ಕು ಸಲ ರಾತ್ರಿ ಕೂಗಿ ಏಳುತ್ತಿದ್ದನು. ತಾಲ್ಲೂಕಿನ ಮಾವಿನ ತೋಪಿನ ಮನೆಯ ಹುಡುಗ. ಬಾದಾಮಿ, ರಸಪುರಿ, ತೋತಾಪುರಿಗಳ ಸುಗ್ಗಿಯಲ್ಲಿ ಮರವೇರಿ ಬೆಳೆದವನು. ಕನಸಿನಲ್ಲಿ ಪ್ರತಿ ಸಲವೂ ಅದೇ ಮರ, ಅದೇ ಕೊಂಬೆ, ಅದೇ ಮುರಿಯುವ ಸದ್ದು. ಪಕ್ಕದ ಹುಡುಗರಿಗೆ ನಿದ್ರೆ ಕೆಡುತ್ತಿತ್ತು. ಅವನು ಹಗಲಲ್ಲಿ ತಲೆಯೆತ್ತದಂತಾಗಿದ್ದನು. ಮನೆಗೆ ಕಳಿಸಿಬಿಡುವ ಮಾತೂ ನಡೆದಿತ್ತು. ಒಂದು ಸಂಜೆ ಅವನನ್ನು ಕೂರಿಸಿಕೊಂಡು ಕನಸನ್ನು ಪೂರ್ತಿಯಾಗಿ ಹೇಳಿಸಿ, ಕೊನೆಯನ್ನು ಮಾತ್ರ ಬದಲಾಯಿಸಲು ತಿಳಿಸಲಾಯಿತು. ಕೊಂಬೆ ಮುರಿಯುವ ಸದ್ದು ಕೇಳಿದಾಗ "ಇದು ಆ ಕನಸು" ಎಂದುಕೊಳ್ಳಬೇಕು. ಆಮೇಲೆ ಏನು ಮಾಡಬೇಕೆಂಬುದನ್ನು ಅವನೇ ಆರಿಸಿಕೊಳ್ಳಬೇಕು. ಅವನು ಹದ್ದಿನಂತೆ ಕೈ ಚಾಚುವುದನ್ನು ಆರಿಸಿಕೊಂಡನು. ಮಲಗುವ ಮುನ್ನ ಹತ್ತು ನಿಮಿಷ ಅದನ್ನೇ ಕಣ್ಣು ಮುಚ್ಚಿ ನಡೆಸಿ ನೋಡುತ್ತಿದ್ದನು. ಮೂರನೆಯ ವಾರದಲ್ಲಿ ಬಂದು, "ಮಾವಿನೆಲೆ ಉದುರಿದ ಹಾಗೆ ನಿಧಾನ ಬಿದ್ದೆ ಸಾರ್" ಎಂದನು. ಅದಾದ ಒಂದು ತಿಂಗಳಿಗೆ "ಎಗರಿದೆ" ಎಂದನು. ಜಿಗಿದನೋ ಹಾರಿದನೋ ಕೇಳಲಿಲ್ಲ. ಕೂಗಿ ಏಳುವುದು ಅಷ್ಟರಲ್ಲಿ ನಿಂತೇಹೋಗಿತ್ತು.

ಒಬ್ಬ ಬಾಲಕನ ಸಂಗತಿಯಿಂದ ಸಿದ್ಧಾಂತ ಕಟ್ಟಲಾಗದು, ನಿಜ. ಆದರೆ ೨೦೦೬ರಲ್ಲಿ ನೆದರ್‌ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಭಯಸ್ವಪ್ನಪೀಡಿತರಾದ ೨೩ ಮಂದಿಯೊಡನೆ ನಡೆಸಿದ ಚಿಕ್ಕ ಪ್ರಯೋಗವೊಂದರಲ್ಲಿಯೂ, ಅರಿವಿನ ಕನಸಿನ ಕ್ರಮವನ್ನು ಕಲಿತವರಲ್ಲಿ ಕೆಟ್ಟ ಕನಸುಗಳು ಕಡಮೆಯಾದುವು. ಅರಿವು ಬಾರದವರಿಗೂ ಗುಣ ಕಂಡಿತೆಂಬುದು ಅದರ ವಿಶೇಷ. ಕನಸಿಗೆ ಬೇರೊಂದು ಕೊನೆ ಸಾಧ್ಯವೆಂದು ಹಗಲಿನಲ್ಲಿ ತಿಳಿದುದೇ ಸಾಕಾಯಿತೋ ಏನೋ. ಅಟ್ಟಿಸಿಕೊಂಡು ಬರುವವನಿಂದ ಓಡಿಹೋಗದೆ ತಿರುಗಿ ನಿಂತು "ನೀನು ಯಾರು?" ಎಂದು ಕೇಳಬೇಕೆಂದು ಥೋಲಿ ಹೇಳುತ್ತಿದ್ದನು. ಯಾಜ್ಞವಲ್ಕ್ಯನ ಆನೆಯನ್ನು ಹಾಗೆ ಕೇಳಿದ್ದರೆ ಏನು ಹೇಳುತ್ತಿತ್ತೋ!

ಎಚ್ಚರಿಕೆಯ ಮಾತುಗಳನ್ನೂ ಹೇಳಬೇಕು. ವಯಸ್ಕರಿಗೆ ಹೇಳುವ ಕ್ರಮಗಳಲ್ಲಿ ಐದು ಗಂಟೆ ಮಲಗಿ, ಎದ್ದು, ಮತ್ತೆ ಮಲಗುವುದು ಒಂದು. ಇದನ್ನು ಮಕ್ಕಳಿಗೆ ಎಂದೂ ಕಲಿಸಕೂಡದು. ಹದಿಮೂರರಿಂದ ಹದಿನೆಂಟರವರೆಗಿನವರಿಗೆ ದಿನಕ್ಕೆ ೮ರಿಂದ ೧೦ ಗಂಟೆ, ಅದಕ್ಕಿಂತ ಚಿಕ್ಕವರಿಗೆ ೯ರಿಂದ ೧೨ ಗಂಟೆ ನಿದ್ರೆ ಬೇಕೆಂದು ತಜ್ಞರ ಮತ. ಹಾರಾಟಕ್ಕಾಗಿ ಅದನ್ನು ಕತ್ತರಿಸುವುದು ಗಂಧದ ಕೊರಡನ್ನು ಒಲೆಗೆ ಹಾಕಿದಂತೆ. ಇಲ್ಲದ್ದು ಕಾಣುವ, ಕೇಳುವ ತೊಂದರೆಯಿರುವವರು ವೈದ್ಯರನ್ನು ಕಾಣಬೇಕೇ ಹೊರತು ಇದರ ಗೋಜಿಗೆ ಹೋಗಬಾರದು. ಎಲ್ಲಕ್ಕಿಂತ ಮುಖ್ಯವಾದುದು, ಕನಸು ಹೌದೋ ಅಲ್ಲವೋ ಎಂಬ ಪರೀಕ್ಷೆಯನ್ನು ಎತ್ತರದಿಂದ ಜಿಗಿದು ಮಾಡಕೂಡದೆಂಬುದು. ಮರ, ಮಾಳಿಗೆ, ಬಾವಿಯ ಕಟ್ಟೆ ಇವುಗಳಿಂದ ಆರಂಭವಾಗುವ ಹಾರಾಟ ಕನಸಿನಲ್ಲಿಯೂ ಬೇಡ. ಯಾವಾಗಲೂ ನೆಲದ ಮೇಲೆ ನಿಂತು, ಕರಿಹಲಗೆಯನ್ನೋ ಅಂಗೈಯನ್ನೋ ಎರಡು ಸಲ ನೋಡಿ, ಅಲ್ಲಿಂದ ಮೇಲಕ್ಕೆ ಜಿಗಿಯುವುದನ್ನೇ ರೂಢಿ ಮಾಡಿಸಬೇಕು. ಸಂದೇಹವುಳ್ಳವನು ಎಚ್ಚರವಿದ್ದರೂ ಆಗ ಒಂದು ಗೇಣು ಎತ್ತರ ಹಾರಿ ಅಲ್ಲಿಯೇ ಇಳಿಯುತ್ತಾನೆ.

ಈ ಅಭ್ಯಾಸಕ್ಕೆ ನಿಲಯದ ದಿನಚರಿಯಲ್ಲಿ ದೊಡ್ಡ ಮಾರ್ಪಾಡೇನೂ ಬೇಕಾಗಿಲ್ಲ. ಬೆಳಗಿನ ಗಂಟೆ ಬಾರಿಸುವುದು ದೀರ್ಘವಾದ ಕನಸಿನ ಹೊತ್ತಿನಲ್ಲಿಯೇ. ಗಂಟೆಯನ್ನು ಒಮ್ಮೆಗೇ ಜೋರಾಗಿ ಬಾರಿಸದೆ ಮೆಲ್ಲನೆ ಆರಂಭಿಸಿ, ಗಂಟೆಗೂ ಚಾಪೆ ಸುತ್ತುವುದಕ್ಕೂ ನಡುವೆ ಐದು ನಿಮಿಷ ಮೌನ ಬಿಟ್ಟರೆ ಸಾಕು. ಬೇಕಾದ ಸಾಮಗ್ರಿ ಪ್ರತಿ ಹುಡುಗನ ತಲೆದಿಂಬಿನ ಬಳಿ ಒಂದು ನೋಟುಪುಸ್ತಕ, ಒಂದು ಸೀಸದ ಕಡ್ಡಿ. ಶಾಲೆಗೆ ಕೊಡುಗೆ ನೀಡಬಯಸುವ ಮಹನೀಯರಲ್ಲಿ ಯಾರಾದರೂ ಇಂತಹ ಸಣ್ಣ ವೆಚ್ಚವನ್ನು ವಹಿಸಿಕೊಳ್ಳುವುದಾದರೆ, ನೂರು ಪುಟದ, ಗೆರೆಯಿಲ್ಲದ ಪುಸ್ತಕಗಳು ಉತ್ತಮ. ಚಿಕ್ಕ ಮಕ್ಕಳು ಕನಸನ್ನು ಬರೆಯುವುದಕ್ಕಿಂತ ಬಿಡಿಸುವುದೇ ಹೆಚ್ಚು.